ಕರೆಂಟನ್ನು ಶಬ್ದವಾಗಿ ಹಿಡಿಯುವುದು: ಜೆಲ್, ಅಯಸ್ಕಾಂತ, ಅಲ್ಟ್ರಾಸೌಂಡ್

ಕಾಂತಕ್ಷೇತ್ರದೊಳಗೆ ಕರೆಂಟು ಹರಿದರೆ ಲೊರೆಂಟ್ಜ್ ಬಲ ಹುಟ್ಟುತ್ತದೆ, ಅಂದರೆ ಕರೆಂಟು, ಕ್ಷೇತ್ರ ಎರಡಕ್ಕೂ ಲಂಬವಾದ ತಳ್ಳು. ಕರೆಂಟು 1 ಮೈಕ್ರೋಸೆಕೆಂಡಿನ ಪಲ್ಸ್ ಆಗಿದ್ದರೆ ಆ ತಳ್ಳು ಅಲ್ಟ್ರಾಸೌಂಡ್ ಆಗಿ ಹೊರಡುತ್ತದೆ. ಅದನ್ನು ಪ್ರೋಬಿನಿಂದ (ಶಬ್ದವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಸಂವೇದಕ) ಹಿಡಿಯುವುದಷ್ಟೇ ಕೆಲಸ. ಮುಂಬೈನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಲ್ಯಾಮಿಂಗ್ಟನ್ ರೋಡ್ ಸಾಕು. ಪ್ರೋಬ್ ಮಾತ್ರ ನೀರಿನಲ್ಲಿ ಮುಳುಗಿಸುವಂಥ 1 ಮೆಗಾಹರ್ಟ್ಸ್‌ನದೇ ಆಗಬೇಕು.

50×50×25 ಮಿ.ಮೀ. ನಿಯೋಡಿಮಿಯಂ ಅಯಸ್ಕಾಂತಗಳು ಎರಡು, ವಿರುದ್ಧ ಧ್ರುವಗಳು ಎದುರುಬದುರು, ನಡುವೆ 40 ಮಿ.ಮೀ. ಸಂದು. ಮಧ್ಯದಲ್ಲಿ ಸುಮಾರು 0.3 ಟೆಸ್ಲಾ ಸಿಗುತ್ತದೆ. ಮರದ ಚೌಕಟ್ಟಿಗೆ ಒಂದೊಂದಾಗಿ ಬಿಗಿಯಿರಿ, ಇಲ್ಲವಾದರೆ ಬೆರಳು ಜಜ್ಜಿಹೋಗುತ್ತದೆ. ಸಂದಿನಲ್ಲಿ ಅಕ್ರಿಲಿಕ್ ತೊಟ್ಟಿ, ಅದರಲ್ಲಿ ಡಿಸ್ಟಿಲ್ಡ್ ನೀರು. ಆ ನೀರಿನಲ್ಲಿ ಉಪ್ಪಿನ ಜೆಲ್ ತುಂಡು. ಕರೆಂಟು ಅದರೊಳಗೆ ತೊಟ್ಟಿಯ ಉದ್ದಕ್ಕೆ, ಕ್ಷೇತ್ರ ಅಡ್ಡಕ್ಕೆ. ಹಾಗಾಗಿ ಪ್ರೋಬ್ ಮೇಲಿನಿಂದ, ಜೆಲ್‌ಗೆ 60 ಮಿ.ಮೀ. ದೂರದಲ್ಲಿ. ಹತ್ತಿರ ತರುವ ಆಸೆ ಬೇಡ: ಪಲ್ಸ್ ಹೊಡೆದ ಕ್ಷಣ ಪ್ರೋಬಿನ ಆಂಪ್ಲಿಫೈಯರ್ ಕಿವುಡಾಗುತ್ತದೆ, ಚೇತರಿಸಿಕೊಳ್ಳಲು ಸಮಯ ಬೇಕು. ನೀರಿನಲ್ಲಿ 60 ಮಿ.ಮೀ. ದಾಟಲು ಶಬ್ದಕ್ಕೆ 40 ಮೈಕ್ರೋಸೆಕೆಂಡು ಹಿಡಿಯುತ್ತದೆ.

ಜೆಲ್‌ಗೆ 100 ಮಿ.ಲೀ. ನೀರು, 2 ಗ್ರಾಂ ಅಗರ್ (ಕಿರಾಣಿ ಅಂಗಡಿಯ ಚೈನಾ ಗ್ರಾಸ್ ನಡೆಯುತ್ತದೆ), 0.9 ಗ್ರಾಂ ಉಪ್ಪು. ಚೆನ್ನಾಗಿ ಕುದಿಸಿ, ಗುಳ್ಳೆ ಏಳದಂತೆ ನಿಧಾನಕ್ಕೆ ಸುರಿಯಿರಿ. 10×10×30 ಮಿ.ಮೀ. ತುಂಡಿನ ರೋಧ ಸುಮಾರು 200 ಓಮ್; 60 ವೋಲ್ಟಿಗೆ 0.3 ಆಂಪ್. ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಇಲ್ಲದಿದ್ದರೆ ಉಪ್ಪು ನೀರಿಗೆ ಇಳಿದು ಕರೆಂಟು ದಾರಿ ತಪ್ಪುತ್ತದೆ. ಕೈಹಾಕುವ ಮುನ್ನ ಪಲ್ಸ್ ಕೊಡುವ ಕೆಪಾಸಿಟರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ) ಖಾಲಿ ಮಾಡಿ.

ಮೊದಲ ದಿನವೇ ಜೆಲ್ ಬೇಡ. 10 ಮಿ.ಮೀ. ಅಗಲದ ಅಲ್ಯೂಮಿನಿಯಂ ಫಾಯಿಲ್‌ನಲ್ಲಿ, 12 ಓಮ್ ರೆಸಿಸ್ಟರ್ ಮೂಲಕ, 5 ಆಂಪ್ ಹರಿಸಿ ನೋಡಿ. ಜೆಲ್‌ನ ಸದ್ದು ಇದರ ನೂರನೇ ಒಂದಂಶದಷ್ಟು. ಅದಕ್ಕೆ 60 ಡಿಬಿ (ಸಾವಿರ ಪಟ್ಟು) ವರ್ಧನೆ, ಸಾವಿರ ಪಲ್ಸ್‌ಗಳ ಸರಾಸರಿ ಬೇಕು. ಮುಂಬೈ ಆಕಾಶವಾಣಿಯ 1044 ಕಿಲೋಹರ್ಟ್ಸ್ ನೇರ ನಿಮ್ಮ ಪ್ರೋಬಿನ ಆವರ್ತನ ಪಟ್ಟಿಯಲ್ಲೇ ಕೂತಿದೆ! ಕವಚವಿರುವ ಕೇಬಲ್ ಹಾಕಿ. ಉಳಿದದ್ದು ಸರಾಸರಿಯಲ್ಲಿ ಕರಗುತ್ತದೆ.

ಕಂಡದ್ದನ್ನೆಲ್ಲ ನಂಬಬೇಡಿ. ಪ್ರೋಬನ್ನು 15 ಮಿ.ಮೀ. ಮೇಲಕ್ಕೆತ್ತಿದರೆ ಸಿಗ್ನಲ್ 10 ಮೈಕ್ರೋಸೆಕೆಂಡು ತಡವಾಗಬೇಕು. ಆಗದಿದ್ದರೆ ಅದು ತಂತಿಯಿಂದ ಬಂದದ್ದು. ಅಯಸ್ಕಾಂತಗಳ ಚೌಕಟ್ಟನ್ನು ಹಿಂದುಮುಂದಾಗಿಸಿದರೆ ಅಲೆ ತಲೆಕೆಳಗಾಗಬೇಕು. ಬಿಸಿಯಿಂದ ಹುಟ್ಟಿದ ಶಬ್ದ ಇದಕ್ಕೆ ಜಗ್ಗುವುದಿಲ್ಲ.

ಜೆಲ್‌ನಲ್ಲಿ 6.7 ಮೈಕ್ರೋಸೆಕೆಂಡು ಅಂತರದಲ್ಲಿ ಎರಡು ಅಲೆ ಕಾಣುತ್ತವೆ, ಒಂದು ಮೇಲ್ಮುಖ, ಇನ್ನೊಂದು ಕೆಳಮುಖ. ಅವು ಮೇಲಂಚು, ಕೆಳಅಂಚು. ನಡುವೆ ಖಾಲಿ ಕಂಡರೆ ಗಾಬರಿ ಬೇಡ, ಅಲ್ಲಿ ಬಲ ಏಕಸಮವಾಗಿದೆ, ಶಬ್ದ ಬದಲಾವಣೆಯ ಜಾಗದಲ್ಲಷ್ಟೇ ಹುಟ್ಟುತ್ತದೆ. ಕೊಬ್ಬು–ಸ್ನಾಯು ಎರಡೂ ಇರುವ ಮಾಂಸದ ತುಂಡಿಟ್ಟರೆ ಅವುಗಳ ಗಡಿಯಲ್ಲಿ ಮೂರನೆಯ ಅಲೆ ಹುಡುಕಿ. ನರದ ಸ್ವಂತ ಕರೆಂಟು ಮಾತ್ರ ಈ ಉಪಕರಣದ ಅಳವಿಗೆ ಮೀರಿದ್ದು. ಜೀವಂತ ಪ್ರಾಣಿಯ ಮೇಲಾಗಲಿ ಮನುಷ್ಯರ ಮೇಲಾಗಲಿ ಇದನ್ನು ಪ್ರಯೋಗಿಸಬೇಡಿ.