25ರಿಂದ 5.5ಕ್ಕೆ: ಬೆಳಗಾವಿಯಲ್ಲಿ ಗಡ್ಡೆಯ ಲ್ಯಾಕ್ಟೇಟ್ ಅಳೆದ ನನ್ನ ಅನುಭವ

"ಸೀಹಾರ್ಸ್ ಮಶೀನ್ ಇಲ್ದ ಮೆಟಬಾಲಿಸಮ್ ಏನ್ ಮಾಡ್ತೀರ್ರಿ ಸರ? ಸುಮ್ನ ಎಂಟಿಟಿ ಹಾಕಿ ಪೇಪರ್ ಬರ್ಕೊಳ್ರಿ." ಹೀಗೆ ಹೇಳಿದವರು ಒಬ್ಬಿಬ್ಬರಲ್ಲ. ಸೆಲ್ಲುಗಳ ಉಸಿರಾಟ, ಆಮ್ಲ ಎರಡನ್ನೂ ಅಳೆಯುವ ಆ ಮಶೀನಿನ ಬೆಲೆ ಕೋಟಿಯ ಮಾತು. ಎಂಟಿಟಿ ಅಂದರೆ ಬದುಕಿರುವ ಸೆಲ್ ಎಷ್ಟು ಅಂತ ಬಣ್ಣದಿಂದ ನೋಡುವ ಅಗ್ಗದ ಪರೀಕ್ಷೆ. ನಮ್ಮ ಲ್ಯಾಬಿಗೆ ವರ್ಷಕ್ಕೆ ಸಿಗುವುದು 4.5 ಲಕ್ಷ ಇರಬೇಕು, ಅದೂ ಮಾರ್ಚ್ ಕೊನೆಗೆ. ಈಗ ಲ್ಯಾಕ್ಟೇಟ್ (ಸೆಲ್ ಗ್ಲೂಕೋಸ್ ತಿಂದು ಹೊರಹಾಕುವ ವಸ್ತು) ಅಳತೆಯಲ್ಲಿ ಸತತ ಮೂರು ಬ್ಯಾಚು ಹೆಚ್ಚುಕಡಿಮೆ ಒಂದೇ ಅಂಕಿ ಕೊಟ್ಟಿವೆ, ಅದಕ್ಕೇ ಬರೆಯುವ ಧೈರ್ಯ.

ಗುಟ್ಕಾ, ತಂಬಾಕಿನ ಊರುಗಳ ನಡುವೆ ಇದ್ದು ಬಾಯಿ ಕ್ಯಾನ್ಸರ್ ಬಿಟ್ಟು ಬೇರೆ ಹಿಡಿಯಲು ಮನಸ್ಸಾಗಲಿಲ್ಲ. ನಾಲಿಗೆ ಕ್ಯಾನ್ಸರಿನ ಸೆಲ್ ಲೈನನ್ನು (ಲ್ಯಾಬಿನಲ್ಲಿ ಬೆಳೆಯುತ್ತಲೇ ಇರುವ ಸೆಲ್ಲುಗಳು) ಪುಣೆಯಿಂದ ರಾತ್ರಿ ಬಸ್ಸಿನಲ್ಲಿ ತಂದೆ. ಫ್ಲಾಸ್ಕಿನ ಕುತ್ತಿಗೆಮಟ ಮೀಡಿಯಾ (ಸೆಲ್ಲುಗಳ ಆಹಾರದ ದ್ರವ) ತುಂಬಿಸಿ, ಸ್ವೆಟರಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು. ಪಕ್ಕದ ಅಜ್ಜ ಅದು ಗಂಗಾಜಲವೇ ಅಂತ ಕೇಳಿದ.

ಮೊದಲ ಎರಡು ವರ್ಷ ದಂಡ. ಎಲ್ಲರ ಫ್ರಿಜ್ಜಿನಲ್ಲೂ ಇರುವ ಹೈ ಗ್ಲೂಕೋಸ್ ಡಿಎಂಇಎಂ ಎಂಬ ಮೀಡಿಯಾ ನಮ್ಮಲ್ಲೂ ಇತ್ತು: ಲೀಟರಿಗೆ 4.5 ಗ್ರಾಂ ಗ್ಲೂಕೋಸ್, ಅಂದರೆ 25 ಮಿಲಿಮೋಲಾರ್. ರಕ್ತದಲ್ಲಿರುವುದು 5ರ ಆಸುಪಾಸು, ಗಡ್ಡೆಯ ಒಳಗೆ ಇನ್ನೂ ಕಡಿಮೆ. ಮದುವೆ ಪಂಕ್ತಿಯಲ್ಲಿ ಕೂತವರನ್ನು ಹಸಿವಿನ ಬಗ್ಗೆ ವಿಚಾರಿಸಿದ ಹಾಗಾಯಿತು ನಮ್ಮ ಕೆಲಸ. ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆಯ ಔಷಧಿ) ಎಷ್ಟು ಸುರಿದರೂ ಸೆಲ್ಲುಗಳು ಕ್ಯಾರೇ ಅನ್ನಲಿಲ್ಲ.

ಸರಿ, ಗ್ಲೂಕೋಸನ್ನು 5.5ಕ್ಕೆ ಇಳಿಸಿದೆ. ಎರಡೇ ದಿನದಲ್ಲಿ ಫ್ಲಾಸ್ಕೆಲ್ಲ ತೇಲಾಡುವ ಹೆಣ. ತಪ್ಪು ನನ್ನದೇ. 25ರ ಚಾಳಿಯಲ್ಲಿ ಮೂರು ದಿನಕ್ಕೊಮ್ಮೆ ಮೀಡಿಯಾ ಬದಲಿಸುತ್ತಿದ್ದೆ. ತುಂಬಿದ ಫ್ಲಾಸ್ಕು ದಿನಕ್ಕೆ 3 ಮಿಲಿಮೋಲಾರ್ ತಿಂದು ಹಾಕುತ್ತದೆ ಎಂಬ ಸರಳ ಲೆಕ್ಕ ಹಾಕಿರಲಿಲ್ಲ. ಆಮ್ಲ ಹೆಚ್ಚಾದರೆ ಬಣ್ಣ ಬದಲಿಸುವ ಫೀನಾಲ್ ರೆಡ್ ಹಳದಿಗೆ ತಿರುಗಿರಲಿಲ್ಲವಾದ್ದರಿಂದ ಎಲ್ಲ ಚಲೋ ಇದೆ ಅಂದುಕೊಂಡಿದ್ದೆ. ಈಗ ದಿನಾ ಬದಲಾವಣೆ, ಭಾನುವಾರವೂ.

ಆಮೇಲೆ ಲ್ಯಾಕ್ಟೇಟ್ ಅಳತೆ. ಓಟಗಾರರು ಬೆರಳು ಚುಚ್ಚಿ ನೋಡುವ ಮೀಟರ್ ತಂದೆ, ಪಟ್ಟಿ ಸೇರಿ 30 ಸಾವಿರದ ಹತ್ತಿರ. ರಕ್ತಕ್ಕೆಂದು ಮಾಡಿದ್ದು, ಕೆಂಪು ಕಣವೇ ಇಲ್ಲದ ಮೀಡಿಯಾ ಹಾಕಿದರೆ ಒಮ್ಮೆ ಎರರ್, ಒಮ್ಮೆ ಹುಚ್ಚು ಅಂಕಿ. ಈಗ ಅದು ನಮ್ಮ ಹುಡುಗರ ಕ್ರಿಕೆಟ್ ಟೀಮಿನ ಆಸ್ತಿ. ಕಂಪನಿ ಕಿಟ್ 100 ಬಾವಿಗೆ (ಪ್ಲೇಟಿನ ಸಣ್ಣ ಕುಳಿ) 45 ಸಾವಿರ ಅಂದರು. ಕೊನೆಗೆ ಹಳೇ ಪದ್ಧತಿಗೇ ಬಂದೆ: ಎಲ್‌ಡಿಎಚ್, ಎನ್‌ಎಡಿ, ಗ್ಲೈಸಿನ್-ಹೈಡ್ರಜೀನ್ ಬಫರ್, 340 ನ್ಯಾನೋಮೀಟರಿನಲ್ಲಿ ಓದುವುದು. ಎಲ್‌ಡಿಎಚ್ ಕಿಣ್ವ ಲ್ಯಾಕ್ಟೇಟಿನ ಮೇಲೆ ಕೆಲಸ ಮಾಡಿದಾಗ ಎನ್‌ಎಡಿ ಬದಲಾಗಿ ಆ ಬೆಳಕನ್ನು ಹೀರುತ್ತದೆ, ಹೀರಿದಷ್ಟು ಲ್ಯಾಕ್ಟೇಟ್. ಹೈಡ್ರಜೀನ್ ವಿಷ, ಹೊಗೆ ಹೀರುವ ಹುಡ್ ಬಿಟ್ಟು ಹೊರಗೆ ತೆಗೆಯಬೇಡಿ. ಒಂದು ಓದಿಗೆ 15 ರೂಪಾಯಿ ದಾಟಿಲ್ಲ.

ಆದರೂ ಬರೀ ಮೀಡಿಯಾ, ಸೆಲ್ಲೇ ಇಲ್ಲದ್ದು, 1.2 ಮಿಲಿಮೋಲಾರ್ ತೋರಿಸಿತು! ಒಂದು ತಿಂಗಳು ಬಫರನ್ನು ಬೈದೆ, ಪಿಪೆಟ್ಟನ್ನು ಬೈದೆ, ಪಾಪ ಲ್ಯಾಬಿನ ಹುಡುಗಿಯನ್ನೂ ಬೈದೆ. ಕಳ್ಳ ಕೂತಿದ್ದು ಮೀಡಿಯಾಕ್ಕೆ ಬೆರೆಸುವ ಸೀರಮಿನಲ್ಲಿ. ಕರುವಿನ ಸೀರಮ್ ತನ್ನದೇ ಲ್ಯಾಕ್ಟೇಟ್ ಹೊತ್ತು ಬಂದಿರುತ್ತದೆ. ಡಯಾಲಿಸಿಸ್ ಆದ (ಸಣ್ಣ ಅಣುಗಳನ್ನು ಸೋಸಿ ತೆಗೆದ) ಸೀರಮ್ ಕೊಳ್ಳಲು ದುಡ್ಡೆಲ್ಲಿ? ಡಯಾಲಿಸಿಸ್ ನಳಿಕೆಯಲ್ಲಿ ಕಟ್ಟಿ, ಕೋಲ್ಡ್ ರೂಮಿನಲ್ಲಿ ಉಪ್ಪುನೀರಿನ ಬೀಕರಿಗೆ ಇಳಿಬಿಟ್ಟು, ಎರಡು ದಿನದ ಮೇಲೆ 0.22 ಮೈಕ್ರಾನ್ ಫಿಲ್ಟರ್. ಬ್ಲ್ಯಾಂಕ್ (ಸೆಲ್ಲಿಲ್ಲದ ಬರೀ ಮೀಡಿಯಾ) 0.1ರ ಕೆಳಗೆ ಬಂತು. ಇದನ್ನು ನೋಡಿ ನಕ್ಕವರು ಬಹಳ. "ಸಾರಿನ ಗಂಟು ಕಟ್ಟೀರೇನ್ರಿ?" ಅಂದರು.

ಸೆಲ್ಲುಗಳಿಂದ ಗಡ್ಡೆಯಂಥ ಉಂಡೆ ಮಾಡುವುದೂ ಸಲೀಸಾಗಿರಲಿಲ್ಲ. ತಲೆಕೆಳಗೆ ತೂಗುವ ಹನಿಯೊಳಗೆ ಸೆಲ್ ಬೆಳೆಸುವ ತೂಗುಹನಿ ಪದ್ಧತಿಯಲ್ಲಿ ಅರ್ಧ ಹನಿ ಒಣಗುತ್ತಿದ್ದವು. ಮುಂದೆ 96 ಬಾವಿಯ ಪ್ಲೇಟಿಗೆ 1.5 ಶೇಕಡ ಅಗರೋಸ್ (ಸೆಲ್ ತಳಕ್ಕೆ ಅಂಟದಂತೆ ತಡೆಯುವ ಜೆಲ್), ಬಾವಿಗೆ 50 ಮೈಕ್ರೋಲೀಟರ್. ದುಡ್ಡು ಉಳಿಸಲು ಖಡೇಬಜಾರಿನ ಕಿರಾಣಿ ಅಂಗಡಿಯ ಚೈನಾಗ್ರಾಸನ್ನೂ ಹಾಕಿ ನೋಡಿದೆ. ಉಂಡೆ ಆದವು, ಒಂದು ಬಟಾಣಿ, ಒಂದು ಸಾಸಿವೆ. ಉಳಿದದ್ದಕ್ಕೆ ಹಾಲು ಸಕ್ಕರೆ ಹಾಕಿ ಮನೆಯಲ್ಲಿ ಕುದಿಸಿದರು. ಬಾವಿಯಲ್ಲಿ ಸೆಲ್ ಇಳಿಸಿದ ಮೇಲೆ ಪ್ಲೇಟನ್ನು ಎಷ್ಟು ವೇಗದಲ್ಲಿ, ಎಷ್ಟು ನಿಮಿಷ ತಿರುಗಿಸಬೇಕು ಎಂಬುದರಲ್ಲೇ ಮರ್ಮ ಇದೆ. ಅದನ್ನು ಸದ್ಯಕ್ಕೆ ಬರೆಯುವುದಿಲ್ಲ.

ಬೆಳಗಾವಿಯ ಮಳೆಗಾಲದ ಬಗ್ಗೆ ಬೇರೆ ಹೇಳಬೇಕಿಲ್ಲ. ಜುಲೈನಲ್ಲಿ ಗೋಡೆಗೆ ಬಂದ ಬೂಷ್ಟು ಇನ್‌ಕ್ಯುಬೇಟರಿಗೂ ಬಂತು, ಆರು ವಾರದ ಕೆಲಸ ಆಟೋಕ್ಲೇವಿಗೆ ಹೋಯಿತು. ನೀರಿನ ಟ್ರೇಗೆ ಮೈಲುತುತ್ತ ಹಾಕಿದ ಮೇಲೆ ತಡೆಯಿತು.

ಇನ್ನು ಫಲಿತ. ಆಮ್ಲಜನಕ 150-200 ಮೈಕ್ರಾನಿಗಿಂತ ಒಳಗೆ ಹೋಗದಾದ್ದರಿಂದ 500 ಮೈಕ್ರಾನ್ ಅಗಲ ದಾಟಿದ ಉಂಡೆಯ ನಡುಭಾಗ ಸಾಯತೊಡಗುತ್ತದೆ, ನಿಜವಾದ ಗಡ್ಡೆಯ ಹಾಗೇ. ಕ್ಯಾನ್ಸರ್ ಉಂಡೆ ಮಾತ್ರ ಇದ್ದಾಗ ದಿನಕ್ಕೆ 0.8 ಮಿಲಿಮೋಲಾರಿನಷ್ಟು ಲ್ಯಾಕ್ಟೇಟ್ ಬಿಟ್ಟಿತು. ಫೈಬ್ರೋಬ್ಲಾಸ್ಟ್ (ಗಡ್ಡೆಯ ನೆರೆಯಲ್ಲಿರುವ ಜೋಡಣೆ ಅಂಗಾಂಶದ ಸೆಲ್; ಎಥಿಕ್ಸ್ ಕಮಿಟಿ ಒಪ್ಪಿಗೆ ಪಡೆದು, ಕಿತ್ತ ಹಲ್ಲಿನ ಒಸಡಿನಿಂದ ಬೆಳೆಸಿದ್ದು) ಮಾತ್ರ ಇದ್ದಾಗ 0.3. ಎರಡನ್ನೂ ಕೂಡಿಸಿದರೆ 1.1 ಬರಬೇಕು, ಬಂದದ್ದು 1.9! ಕೂಡಿ ಬಾಳುವಾಗ ನೆರೆಮನೆಯವನ ಒಲೆಯೂ ಹೊತ್ತುತ್ತದೆ. ಗ್ಲೂಕೋಸ್ ಪೂರಾ ತೆಗೆದು 10 ಮಿಲಿಮೋಲಾರ್ ಸೋಡಿಯಂ ಲ್ಯಾಕ್ಟೇಟ್ ಕೊಟ್ಟಾಗ, ಮೂರನೇ ದಿನ ಸಾಯುವ ಉಂಡೆ ಆರನೇ ದಿನದವರೆಗೂ ಎಳೆಯಿತು. ಲ್ಯಾಕ್ಟೇಟ್ ಒಳಗೆ ಬರುವ ಬಾಗಿಲನ್ನು ಸಯಾನೋ-ಹೈಡ್ರಾಕ್ಸಿಸಿನ್ನಮೇಟಿನಿಂದ ಮುಚ್ಚಿದಾಗ ಮತ್ತೆ ಮೂರನೇ ದಿನಕ್ಕೇ ಮುಗಿಯಿತು. ಕಸ ಅಂತ ನಾವು ಎಸೆಯುತ್ತಿದ್ದದ್ದು ಅವರ ಬುತ್ತಿ.

5.5ರಲ್ಲಿ ಮೆಟ್‌ಫಾರ್ಮಿನ್ ಕೂಡ ಕೆಲಸ ಮಾಡಿತು. ಆದರೆ ನಾವು ಹಾಕಿದ್ದು 5-10 ಮಿಲಿಮೋಲಾರ್, ಗುಳಿಗೆ ನುಂಗಿದವರ ರಕ್ತದಲ್ಲಿ ಅದರ ನೂರರಲ್ಲೊಂದು ಪಾಲೂ ಇರದು. ಪ್ಲೇಟಿನಲ್ಲಿ ಆದದ್ದು ಮನುಷ್ಯನಲ್ಲಿ ಆಗಬೇಕೆಂದಿಲ್ಲ. ಇದನ್ನು ಒತ್ತಿ ಹೇಳಲು ಕಾರಣ ನಮ್ಮ ಕಾಕಾ. ನನ್ನ ಸ್ಲೈಡು ನೋಡಿ ಕುಂದಾ (ಬೆಳಗಾವಿಯ ಹಾಲಿನ ಸಿಹಿ) ತಿನ್ನುವುದು ಬಿಟ್ಟ. "ಸಕ್ರಿ ಬಿಟ್ರ ಗಡ್ಡಿ ಒಣಗ್ತೈತಿ ಅಂತ ನೀನಽ ಹೇಳಿದ್ಯಲ್ಲೋ." ಊಟ ಬಿಟ್ಟರೂ ಯಕೃತ್ತು ಗ್ಲೂಕೋಸ್ ಮಾಡಿ ರಕ್ತಕ್ಕೆ ಹಾಕುತ್ತಲೇ ಇರುತ್ತದೆ ಕಾಕಾ ಅಂದೆ. ಮರುದಿನವೇ ಅರ್ಧ ಕೆಜಿ ತರಿಸಿದ.

ಈಗ ಟಿ ಸೆಲ್ (ಕ್ಯಾನ್ಸರ್ ವಿರುದ್ಧ ಕಾದಾಡುವ ರೋಗನಿರೋಧಕ ಕಣ) ಹಾಕುವ ತಯಾರಿ. ಪಿಎಚ್ 6.6ಕ್ಕೆ ಇಳಿದಾಗ ಅವು ಮಂಕಾಗುವುದು ಆಮ್ಲದಿಂದಲೋ ಲ್ಯಾಕ್ಟೇಟಿನಿಂದಲೋ ಅಂತ ಬೇರ್ಪಡಿಸಬೇಕು. ಅದಕ್ಕೆ ಒಂದು ಸಾಲಿಗೆ ಲ್ಯಾಕ್ಟಿಕ್ ಆಮ್ಲ, ಒಂದಕ್ಕೆ ಸೋಡಿಯಂ ಲ್ಯಾಕ್ಟೇಟ್, ಒಂದಕ್ಕೆ ಬರೀ ಹೈಡ್ರೋಕ್ಲೋರಿಕ್ ಆಮ್ಲ.

ಸಾರಿನ ಗಂಟು ಅಂದವರೇ ಹೋದ ವಾರ ಫೋನ್ ಮಾಡಿದ್ದರು. "ಸೀರಮ್ ಎಷ್ಟ್ ತಾಸ್ ಇಳಿಬಿಡ್ತೀರ್ರಿ?" ಎರಡು ದಿನ ಅಂದೆ. ಉಪ್ಪುನೀರು ಎಷ್ಟು ಸಲ ಬದಲಿಸಬೇಕು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.