ಸರ ಕಿತ್ತುಕೊಂಡು ಹೋದ ಮೇಲೆ ಮನೆಯವರು ಮಾಡಬೇಕಾದ್ದು

ಹೋದ ಕಾರ್ತೀಕದಲ್ಲಿ, ಬೆಳಿಗ್ಗೆ ಆರೂವರೆಗೆ, ಮೈಸೂರಿನ ನಮ್ಮ ಮನೆ ಮುಂದೆ ರಂಗೋಲಿ ಹಾಕುತ್ತಿದ್ದ ಅತ್ತೆಯ ಕತ್ತಿನಿಂದ ಬೈಕಿನಲ್ಲಿ ಬಂದ ಇಬ್ಬರು ಮಾಂಗಲ್ಯ ಸರ ಕಿತ್ತುಕೊಂಡು ಹೋದರು. 40 ಗ್ರಾಂ. ಆಮೇಲೆ ನಾವು ಮಾಡಿದ ತಪ್ಪುಗಳನ್ನು ನೀವು ಮಾಡದಿರಲಿ ಅಂತ ಬರೆಯುತ್ತಿದ್ದೇನೆ.

112ಕ್ಕೆ ಫೋನ್ ಮಾಡಿ, ಸರಿ. ಆದರೆ ಮೊದಲು ಕತ್ತು ನೋಡಿ. ನಾವೆಲ್ಲ ಬೀದಿಯ ಸಿಸಿಟಿವಿ ಯಾರ ಮನೆಯಲ್ಲಿದೆ ಅಂತ ಓಡಾಡುತ್ತಿದ್ದೆವು. ಅತ್ತೆ ರಂಗೋಲಿ ಪುಡಿಯಲ್ಲಿ ಉದುರಿದ್ದ ಕರಿಮಣಿ ಆರಿಸುತ್ತಾ ಕೂತಿದ್ದರು. ಕಿವಿಯ ಕೆಳಗಿನಿಂದ ಹೆಗಲವರೆಗೆ ಕೆಂಪು ಬರೆ ಬಿದ್ದಿದ್ದು ನನಗೆ ಕಂಡಿದ್ದೇ ಅರ್ಧ ಗಂಟೆಯಾದ ಮೇಲೆ. ಡಾಕ್ಟರಿಗೆ ತೋರಿಸಿ, ಚೀಟಿ ಜೋಪಾನವಾಗಿಡಿ.

"ಯಾಕೆ" ಅಂತ ಶುರುವಾಗುವ ಪ್ರಶ್ನೆ ಕೇಳಲೇಬೇಡಿ. ಮಾವ "ಬೈಕ್ ಸದ್ದು ಕೇಳಿಸಲಿಲ್ವೇನೇ?" ಅಂದರು. ಪಕ್ಕದ ಮನೆಯವರು "ಸೆರಗು ಹೊದ್ಕೋಬಾರದಿತ್ತಾ?" ಅಂದರು. "ಜೀವ ಉಳೀತಲ್ಲ, ಬಿಡಿ" ಅನ್ನುವವರು ಪಾಪ ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ, ಆದರೆ ಆ ಮಾತು ಕೇಳಿದವರಿಗೆ ಅಳುವುದಕ್ಕೂ ನಾಚಿಕೆಯಾಗುತ್ತದೆ. ಅವತ್ತು ರಾತ್ರಿ ಅರಿಶಿನದ ಕೊಂಬು ಕಟ್ಟಿದ ದಾರವನ್ನು ಕತ್ತಿಗೆ ಹಾಕಿಕೊಳ್ಳುತ್ತಾ ಅತ್ತೆ ನನ್ನನ್ನು ಕೇಳಿದರು: "ನಾನು ಬಗ್ಗದೇ ಇದ್ದಿದ್ರೆ ಕೈಗೆ ಸಿಗ್ತಿರಲಿಲ್ಲ, ಅಲ್ವೇನೇ?" ಕದ್ದವರು ಅವರು, ನೀವೇನೂ ಮಾಡಲಿಲ್ಲ ಅಂದೆ. ಇದನ್ನು ಹತ್ತು ಸಲವಾದರೂ ಹೇಳಬೇಕಾಗುತ್ತದೆ. ಹೇಳಿ.

ನೆನಪು ಹಿಂದೆಮುಂದೆ ಆಗುತ್ತದೆ. ಠಾಣೆಯಲ್ಲಿ ಕಪ್ಪು ಬೈಕ್ ಅಂದವರು ಮಹಜರಿನ (ಪೊಲೀಸರು ಸ್ಥಳಕ್ಕೆ ಬಂದು ನೋಡಿ ಬರೆದುಕೊಳ್ಳುವುದು) ಹೊತ್ತಿಗೆ ಕೆಂಪು ಅಂದರು. "ಆಗಲೇ ಕಪ್ಪು ಅಂದ್ರಲ್ಲಮ್ಮ" ಅಂತ ಪೊಲೀಸರು ಕೇಳಿದ್ದೇ ತಡ, ಅತ್ತೆ ಬಾಯಿ ಮುಚ್ಚಿಕೊಂಡರು. ಆದರೆ ಕಿತ್ತವನ ಮಣಿಕಟ್ಟಿನ ಹಳದಿ ದಾರವನ್ನು ಪ್ರತಿ ಸಲವೂ ಒಂದೇ ಥರ ಹೇಳಿದರು. ಗಾಬರಿಯಲ್ಲಿ ಕಣ್ಣು ಕತ್ತಿಗೆ ಬಂದ ಕೈಯ ಮೇಲಿರುತ್ತದೆ, ಬೈಕಿನ ಮೇಲಲ್ಲ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ" ಅನ್ನಲು ಧೈರ್ಯ ಕೊಡಿ. ನೀವು ಪಕ್ಕದಿಂದ ಹೇಳಿಕೊಡಬೇಡಿ.

ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. 2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲಿಗೆ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅನ್ನುವ ಕಾನೂನಿನ ಪ್ರಕಾರ ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನಿಮಗೆ ತಿಳಿಸಬೇಕು. ಸಾಕ್ಷಿ ಹೇಳಿಕೆಗೆ ಹೆಂಗಸರು ಠಾಣೆಗೇ ಬರಬೇಕೆಂದು ಒತ್ತಾಯಿಸುವಂತಿಲ್ಲ. ಕಲಂ 179ರಂತೆ ಮನೆಯಲ್ಲೇ ತೆಗೆದುಕೊಳ್ಳಬೇಕು. ಇದು ಗೊತ್ತಿಲ್ಲದೆ ನಾವು ಅವರನ್ನು ಮೂರು ಸಲ ಆಟೋದಲ್ಲಿ ಅಲೆದಾಡಿಸಿದೆವು.

ಎಲ್ಲರೂ ಮರೆತ ಮೇಲೆಯೇ ನಿಜವಾದ ಕಷ್ಟ. ಹಾಲಿನವನ ಗಾಡಿ ಸದ್ದಿಗೂ ಅತ್ತೆಯ ಕೈ ಕತ್ತಿಗೆ ಹೋಗುತ್ತಿತ್ತು. "ಇನ್ಮೇಲೆ ರಂಗೋಲಿ ಕೆಲಸದವಳು ಹಾಕ್ಲಿ" ಅಂತ ಮಾವ ತೀರ್ಮಾನ ಮಾಡಿಬಿಟ್ಟರು. ಅದು ತಪ್ಪು, ಅತ್ತೆಯನ್ನೇ ಕೇಳಬೇಕಿತ್ತು. ಕೇಳಿದಾಗ "ನೀನು ಗೇಟಲ್ಲಿ ನಿಂತ್ಕೋ" ಅಂದರು. ಕಾಫಿ ಲೋಟ ಹಿಡಿದು ನಿಂತೆ. ಮೊದಲ ದಿನ ಗೇಟಿನ ಒಳಗೇ ನಾಲ್ಕು ಚುಕ್ಕಿ, ಅಷ್ಟೆ. ತಿಂಗಳಾದರೂ ನಿದ್ದೆ ಬಾರದೆ ಬೆಚ್ಚಿಬೀಳುತ್ತಿದ್ದರೆ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಸರ ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಮುದ್ದೆಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡ ಒಡವೆ, ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಹಾಕಬೇಕು. ಅಂಗಡಿ ರಸೀದಿ, ಒಡವೆ ಕಾಣುವ ಫೋಟೊ ಈಗಲೇ ಎತ್ತಿಡಿ. ನಮಗೆ ಸಿಕ್ಕಿದ್ದು ನಾದಿನಿ ಮದುವೆ ಆಲ್ಬಂ ಒಂದೇ. ಅದರಲ್ಲಿ ಅತ್ತೆ ಸೆರಗು ಹೊದ್ದುಕೊಂಡಿದ್ದಾರೆ, ಸರ ಅರ್ಧ ಮಾತ್ರ ಕಾಣುತ್ತದೆ.