ರೋಬೋಟ್ ತರಲಿಲ್ಲ, ರೋಬೋಟ್ ಮಾಡುವ ಕೆಲಸ ತಂದೆವು: ಹನ್ನೆರಡು ಹಸುಗಳ ಕೊಟ್ಟಿಗೆಯ ಅನುಭವ

ಹಾಲು ಕರೆಯುವ ರೋಬೋಟ್ ವಿಡಿಯೋ ನೋಡದ ಹೈನುಗಾರರು ಈಗ ಕಡಿಮೆ. ಹಸು ತನಗೆ ಬೇಕೆನಿಸಿದಾಗ ನಡೆದು ಬರುತ್ತದೆ. ಮುಂದೆ ಹಿಂಡಿ ಬೀಳುತ್ತದೆ. ಅದು ತಿನ್ನುತ್ತಿರುವಾಗ ಕೆಳಗಿನಿಂದ ಒಂದು ಕೈ ಬಂದು ಮೊಲೆ ತೊಳೆದು, ಕಪ್ ಹಾಕಿ, ಹಾಲು ಕರೆದು ಕಳಿಸುತ್ತದೆ. 1992ರಲ್ಲಿ ನೆದರ್ಲೆಂಡ್ಸ್‌ನ ರೈತರ ಕೊಟ್ಟಿಗೆಗೆ ಬಂದ ಯಂತ್ರ ಇದು. ಅಲ್ಲಿ ಒಂದು ರೋಬೋಟ್ ಅರವತ್ತರ ಆಸುಪಾಸು ಹಸುಗಳನ್ನು ನೋಡಿಕೊಳ್ಳುತ್ತದೆ.

ನಮ್ಮದು ಚನ್ನರಾಯಪಟ್ಟಣದ ಕಡೆಯ ಹಳ್ಳಿ. ಹನ್ನೆರಡು ಕರೆಯುವ ಹಸುಗಳು, ಎಲ್ಲ ಎಚ್‌ಎಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ. ಎರಡು ಸಾಲಿನಲ್ಲಿ ಕಟ್ಟಿ ಹಾಕುತ್ತೇವೆ. ಕೋಟಿ ರೂಪಾಯಿ ಲೆಕ್ಕದ ರೋಬೋಟ್ ಇಷ್ಟು ಹಸುವಿಗೆ ಹೊಂದುವ ಮಾತೇ ಅಲ್ಲ. ಆದರೆ ಅದು ಮಾಡುವ ಕೆಲಸವನ್ನು ಬಿಡಿಬಿಡಿಯಾಗಿ ನೋಡುತ್ತ ಹೋದಾಗ ನನಗೆ ಒಂದು ವಿಷಯ ಹೊಳೆಯಿತು. ಜಾಸ್ತಿ ದುಡ್ಡು ಹೋಗುವುದು ಆ ಕೈಗೆ, ಮೊಲೆ ಹುಡುಕುವ ಕ್ಯಾಮೆರಾಕ್ಕೆ. ಉಳಿದ ಕೆಲಸಗಳೆಂದರೆ ಮೊಲೆ ಒಂದೇ ರೀತಿ ಶುಚಿ ಮಾಡುವುದು, ಸರಿಯಾದ ಹೊತ್ತಿಗೆ ಕಪ್ ಹಾಕುವುದು, ಹಾಲು ಮುಗಿದ ಕೂಡಲೇ ತೆಗೆಯುವುದು, ಪ್ರತಿ ಹಸುವಿನ ಲೆಕ್ಕ ಇಡುವುದು. ಇವು ನಮ್ಮ ಕೈಗೆ ಎಟುಕುತ್ತವೆ. ಎರಡು ಬಕೆಟ್‌ನ ಸಾಧಾರಣ ಹಾಲು ಕರೆಯುವ ಯಂತ್ರ ಇಟ್ಟುಕೊಂಡು ನಾವು ಮಾಡಿದ್ದು ಇಷ್ಟೇ: ರೋಬೋಟ್ ಪಾಲಿಸುವ ಶಿಸ್ತನ್ನು ನಾವು ಪಾಲಿಸಿದೆವು.

ಯಂತ್ರ ತರುವ ಮಾತು ಬಂದಾಗ ಅಮ್ಮ ಒಪ್ಪಲಿಲ್ಲ. "ಮಿಷಿನ್ ಹಾಕಿದ್ರೆ ಕೆಚ್ಚಲು ಬಾವು ಬರ್ತದೆ ಕಣಪ್ಪ, ಪಕ್ಕದೂರಲ್ಲಿ ನೋಡಿಲ್ವಾ?" ಅಂದರು. ಅವರ ಭಯದಲ್ಲಿ ಹುರುಳಿತ್ತು. ಯಂತ್ರ ತಂದು ಹಸುವಿನ ಕೆಚ್ಚಲು ಹಾಳಾದ ಮನೆಗಳು ನಮ್ಮ ಸುತ್ತಲೇ ಇವೆ. ಇನ್ನೊಂದು ಕಡೆ ನನ್ನ ಹೆಂಡತಿಯ ಕೈ. ಬೆಳಗ್ಗೆ ಸಂಜೆ ಕರೆದೂ ಕರೆದೂ ರಾತ್ರಿ ಬೆರಳು ಮಡಚಲು ಆಗುತ್ತಿರಲಿಲ್ಲ ಅವಳಿಗೆ. ಹೈನುಗಾರಿಕೆಯ ಲಾಭ ನಷ್ಟದ ಲೆಕ್ಕದಲ್ಲಿ ಈ ಬೆರಳುಗಳನ್ನು ಯಾರೂ ಸೇರಿಸುವುದಿಲ್ಲ. ಸೇರಿಸಬೇಕು. ಹಾಗಾಗಿ ಬಾವು ಬರುವುದಾದರೆ ಯಾಕೆ ಬರುತ್ತದೆ ಅಂತ ಮೊದಲು ತಿಳಿದುಕೊಳ್ಳೋಣ ಅಂತ ಹೊರಟೆ.

ಮೊದಲನೆಯದು ಹಸು ಸೊರ ಬಿಡುವ, ಅಂದರೆ ಕೆಚ್ಚಲಿನ ಹಾಲನ್ನು ಮೊಲೆಗೆ ಇಳಿಸುವ ವಿಚಾರ. ಕೆಚ್ಚಲು ಮುಟ್ಟಿ ಒರೆಸಿದಾಗ ಹಸುವಿನ ಮೆದುಳಿನಿಂದ ಆಕ್ಸಿಟೋಸಿನ್ ಹೊರಟು ರಕ್ತದಲ್ಲಿ ಕೆಚ್ಚಲಿಗೆ ಬರುತ್ತದೆ. ಇದಕ್ಕೆ ಒಂದು, ಒಂದೂವರೆ ನಿಮಿಷ ಬೇಕು. ಅದರ ಪ್ರಭಾವ ಇರುವುದು ಐದಾರು ನಿಮಿಷ ಅಷ್ಟೇ. ಮುಟ್ಟಿದ ತಕ್ಷಣ ಕಪ್ ಹಾಕಿದರೆ ಮೊಲೆಯಲ್ಲಿ ಹಾಲಿಲ್ಲದೆ ಯಂತ್ರ ಬರೀ ಎಳೆಯುತ್ತದೆ. ತೊಳೆದು ಬಿಟ್ಟು ಬೇರೆ ಕೆಲಸಕ್ಕೆ ಹೋಗಿ ಬಂದರೆ, ಹಾಲು ಇಳಿಯುವ ಹೊತ್ತು ಕಳೆದುಹೋಗಿರುತ್ತದೆ. ಹಸು ಬೆದರಿದರಂತೂ ಸೊರ ಅಲ್ಲಿಗೇ ನಿಲ್ಲುತ್ತದೆ. ಕರೆಯುವ ಹೊತ್ತಿನಲ್ಲಿ ನಮ್ಮ ಕೊಟ್ಟಿಗೆಯಲ್ಲಿ ಯಾರೂ ಕೂಗುವುದಿಲ್ಲ, ಕೋಲು ಒಳಗೆ ಬರುವುದಿಲ್ಲ.

ನಾವು ಪಾಲಿಸುವ ಕ್ರಮ ಹೀಗೆ. ಮೊದಲು ಪ್ರತಿ ಮೊಲೆಯಿಂದ ಮೂರ್ನಾಲ್ಕು ಸಲ ಕೈಯಲ್ಲಿ ಹಿಂಡಿ ಕಪ್ಪು ಬಟ್ಟಲಿಗೆ ಬಿಡುತ್ತೇವೆ. ಕಪ್ಪಿನ ಮೇಲೆ ಬಿಳಿ ಚೆನ್ನಾಗಿ ಕಾಣುತ್ತದೆ. ಹಾಲು ಒಂದೇ ಸಮ ಹರಡಿದರೆ ಸರಿ. ಸಣ್ಣ ಗರಣೆ, ಚೂರು, ನೀರಿನಂಥ ತೆಳು ಬಣ್ಣ ಕಂಡರೆ ಆ ಹಸುವಿಗೆ ಯಂತ್ರ ಇಲ್ಲ, ಅದನ್ನು ಕೊನೆಗೆ ಕೈಯಲ್ಲಿ ಬೇರೆ ಪಾತ್ರೆಗೆ ಕರೆಯುತ್ತೇವೆ. ರೋಬೋಟ್ ಇದೇ ಕೆಲಸವನ್ನು ಹಾಲಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅಂತ ಅಳೆದು ಮಾಡುತ್ತದೆ. ಬಾವು ಬಂದ ಕೆಚ್ಚಲಿನ ಹಾಲಿನಲ್ಲಿ ಉಪ್ಪಿನಂಶ ಹೆಚ್ಚಿರುವುದರಿಂದ ಅದರಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಆಮೇಲೆ ಮೊಲೆ ತೊಳೆದು, ಒಂದು ಹಸುವಿಗೆ ಒಂದೇ ಬಟ್ಟೆ ಅಂತ ಇಟ್ಟುಕೊಂಡು, ಪೂರ್ತಿ ಒಣಗುವ ಹಾಗೆ ಒರೆಸುತ್ತೇವೆ. ಒದ್ದೆ ಮೊಲೆಗೆ ಕಪ್ ಹಾಕಿದರೆ ಕೊಳೆ ನೀರೆಲ್ಲ ಮೊಲೆಯ ತುದಿಗೇ ಇಳಿಯುತ್ತದೆ, ಕಪ್ ಕೂಡ ಜಾರುತ್ತದೆ. ಒರೆಸಿ ಮುಗಿಸುವಷ್ಟರಲ್ಲಿ ಒಂದು ನಿಮಿಷ ಆಗಿರುತ್ತದೆ. ಅದೇ ಕಪ್ ಹಾಕುವ ಹೊತ್ತು.

ಎರಡನೆಯದು ಎಳೆತ. ಯಂತ್ರ ಹಾಲನ್ನು ಹೀರುವುದು ಗಾಳಿ ತೆಗೆದ ಒತ್ತಡದಿಂದ. ಇದರ ಮಟ್ಟ ತೋರಿಸಲು ಗೇಜ್ ಇರುತ್ತದೆ. ನಮ್ಮ ಥರದ ಬಕೆಟ್ ಯಂತ್ರಕ್ಕೆ 42ರಿಂದ 45 ಕಿಲೋಪ್ಯಾಸ್ಕಲ್ ಸಾಕು. ಯಂತ್ರ ಮಾರಿದವರು ಬಂದು ಕೂರಿಸಿದಾಗ ಮುಳ್ಳು 50 ದಾಟಿತ್ತು. "ಬೇಗ ಮುಗಿಯುತ್ತೆ ಸಾರ್" ಅನ್ನುವುದು ಅವರ ವಾದ. ಬೇಗ ಮುಗಿಯುತ್ತದೆ ನಿಜ, ಆದರೆ ತಿಂಗಳು ಕಳೆಯುವಷ್ಟರಲ್ಲಿ ಮೊಲೆಯ ತುದಿ ಗಡುಸಾಗಿ, ಸುತ್ತ ಬಿಳಿ ಉಂಗುರ ಕಟ್ಟಿ, ಒರಟಾಗುತ್ತದೆ. ಒರಟಾದ ತುದಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ರೋಗಾಣು ಒಳಗೆ ಹೋಗಲು ಅಷ್ಟು ಸಾಕು. ಅವರನ್ನು ಕೂರಿಸಿಕೊಂಡೇ ಕಡಿಮೆ ಮಾಡಿಸಿದೆ. ಈಗ ದಿನಾ ಪಂಪ್ ಹಾಕಿದ ಕೂಡಲೇ ಗೇಜ್ ನೋಡುವುದು ಮನೆಯವರೆಲ್ಲರಿಗೂ ಅಭ್ಯಾಸ.

ಎಳೆತವನ್ನು ಬಿಟ್ಟು ಬಿಟ್ಟು ಕೊಡುವ ಭಾಗ, ಅಂದರೆ ಪಲ್ಸೇಟರ್‌ನ ಸದ್ದನ್ನೂ ಕೇಳಿಸಿಕೊಳ್ಳಬೇಕು. ನಿಮಿಷಕ್ಕೆ 60 ಸಲ ಟಿಕ್ ಟಿಕ್ ಅನ್ನಬೇಕು. ಹೀರುವುದು, ಬಿಡುವುದು, ಮತ್ತೆ ಹೀರುವುದು. ಬಿಡುವ ಹೊತ್ತಿನಲ್ಲೇ ಮೊಲೆಗೆ ರಕ್ತ ಸರಾಗವಾಗಿ ಓಡಾಡುವುದು. ಅದು ಕೆಟ್ಟರೆ ಹಾಲು ಬರುತ್ತಲೇ ಇರುತ್ತದೆ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ನಾನು ಕಪ್ಪಿನೊಳಗೆ ಹೆಬ್ಬೆರಳು ಹಾಕಿ ನೋಡುತ್ತೇನೆ. ಹಿಡಿದು ಬಿಡುವುದು ಬೆರಳಿಗೆ ಸ್ಪಷ್ಟವಾಗಿ ತಿಳಿಯಬೇಕು. ಬರೀ ಹಿಡಿದೇ ಇದ್ದರೆ ಆವತ್ತು ಯಂತ್ರ ಬೇಡ.

ಕಪ್ಪಿನ ಒಳಗಿನ ರಬ್ಬರ್ ಕೊಳವೆ, ಅಂದರೆ ಲೈನರ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಕೆಚ್ಚಲು ಬಾವಿಗೆ ಇದೇ ದೊಡ್ಡ ಕಾರಣ ಅಂತ ನನಗೆ ಅನಿಸಿದೆ. ಹಸುವಿಗೆ ತಾಗುವ ಭಾಗ ಇದೊಂದೇ. ರಬ್ಬರ್ ಲೈನರ್‌ನ ಆಯಸ್ಸು ಸುಮಾರು 2500 ಸಲ ಕರೆಯುವಷ್ಟು. ಲೆಕ್ಕ ಹಾಕುವುದು ಸುಲಭ. ಹನ್ನೆರಡೂ ಹಸು ಅಂತ ಹಿಡಿದರೆ, ದಿನಕ್ಕೆ ಎರಡು ಹೊತ್ತು, ಒಟ್ಟು 24 ಸಲ. ನಮ್ಮದು ಎರಡು ಸೆಟ್ ಇರುವುದರಿಂದ ಒಂದಕ್ಕೆ ದಿನಕ್ಕೆ 12. ಏಳು ತಿಂಗಳಿಗೆ ಮುಗಿಯಿತು. ನಾವು ಆರು ತಿಂಗಳಿಗೇ ಬದಲಾಯಿಸುತ್ತೇವೆ. ಬಹಳ ಮನೆಗಳಲ್ಲಿ ಹರಿಯುವ ತನಕ ಬಳಸುತ್ತಾರೆ. ಹರಿಯದಿದ್ದರೂ ರಬ್ಬರ್ ಸಡಿಲವಾಗಿರುತ್ತದೆ, ಒಳಗೆ ಕಣ್ಣಿಗೆ ಕಾಣದ ಬಿರುಕು ಬಿಟ್ಟಿರುತ್ತದೆ. ಆ ಬಿರುಕಲ್ಲಿ ಹಾಲು ಕೂತು ಹುಳಿಯುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಒಂದು ಸೆಟ್ ಲೈನರ್‌ಗೆ ಕೊಡುವ ದುಡ್ಡು, ಒಂದು ಹಸುವಿನ ಬಾವಿಗೆ ಡಾಕ್ಟರ್, ಔಷಧಿ, ಚೆಲ್ಲಿದ ಹಾಲು ಅಂತ ಹೋಗುವ ದುಡ್ಡಿನ ಮುಂದೆ ಏನೂ ಅಲ್ಲ. ಹಾಕಿದ ತಾರೀಖನ್ನು ಗೋಡೆಯ ಮೇಲೆ ಬರೆದಿಟ್ಟಿದ್ದೇವೆ.

ಕಪ್ ತೆಗೆಯುವುದರಲ್ಲಿ ರೋಬೋಟ್‌ನಷ್ಟು ಚೆನ್ನಾಗಿ ನಾವು ಮಾಡಲಾರೆವು, ಇದನ್ನು ಒಪ್ಪಬೇಕು. ಅದು ಪ್ರತಿ ಮೊಲೆಯ ಕಪ್ಪನ್ನು ಬೇರೆ ಬೇರೆಯಾಗಿ, ಅದರ ಹಾಲು ಮುಗಿದಾಗ ತೆಗೆಯುತ್ತದೆ. ಹಸುವಿನ ಹಿಂದಿನ ಎರಡು ಮೊಲೆಗಳಲ್ಲಿ ಸುಮಾರು ಶೇ 60ರಷ್ಟು ಹಾಲಿರುತ್ತದೆ, ಮುಂದಿನವು ಬೇಗ ಖಾಲಿಯಾಗುತ್ತವೆ. ನಮ್ಮ ಯಂತ್ರ ನಾಲ್ಕನ್ನೂ ಒಟ್ಟಿಗೆ ಎಳೆಯುತ್ತದೆ. ಅದಕ್ಕೆ ಕಣ್ಣೇ ಸಾಧನ. ನಾಲ್ಕು ಕೊಳವೆ ಸೇರುವ ಕಡೆ ಪಾರದರ್ಶಕ ಬಟ್ಟಲು ಇದೆ. ಶುರುವಿನಲ್ಲಿ ಹಾಲು ಅದರಲ್ಲಿ ನೊರೆಯೆದ್ದು ತಿರುಗುತ್ತದೆ. ಆಮೇಲೆ ಧಾರೆ ಸಣ್ಣಗಾಗಿ, ಬಟ್ಟಲಿನ ಗೋಡೆ ಕಾಣತೊಡಗುತ್ತದೆ, ಒಂದೊಂದೇ ಎಳೆ ಇಳಿಯುತ್ತದೆ. ಆಗ ನನ್ನ ಹೆಂಡತಿ ಕೆಚ್ಚಲನ್ನು ಒಮ್ಮೆ ಕೈಯಲ್ಲಿ ನೀವಿ ನೋಡಿ, ಮೊದಲು ವ್ಯಾಕ್ಯೂಮ್ ಮುಚ್ಚುತ್ತಾಳೆ. ಒಂದು ಕ್ಷಣಕ್ಕೆ ಕಪ್‌ಗಳು ತಾವೇ ಕೈಗೆ ಬೀಳುತ್ತವೆ. ವ್ಯಾಕ್ಯೂಮ್ ಇರುವಾಗ ಎಳೆದು ಕೀಳಬಾರದು.

ತುಂಬಾ ಬೇಗ ತೆಗೆದರೂ ನಷ್ಟವಿದೆ. ಮೊದಲ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯ ಹಾಲಿನಲ್ಲಿ ಅದರ ಹಲವು ಪಟ್ಟು. ಕೊನೆಯ ಅರ್ಧ ಲೀಟರ್ ಕೆಚ್ಚಲಲ್ಲೇ ಬಿಟ್ಟರೆ ಡೈರಿಯಲ್ಲಿ ಹಾಲು ಅಳೆಯುವ ಯಂತ್ರ ಅದನ್ನು ಕೂಡಲೇ ಹೇಳುತ್ತದೆ. ಜಿಡ್ಡು ಶೇ 3.5, ಎಸ್‌ಎನ್‌ಎಫ್ (ಜಿಡ್ಡು ಬಿಟ್ಟು ಉಳಿದ ಘನ ಅಂಶ) ಶೇ 8.5 ಇರಬೇಕು ಅನ್ನುವ ಕಡೆ ಜಿಡ್ಡು ಇಳಿದರೆ ರೇಟೂ ಇಳಿಯುತ್ತದೆ. "ಮಿಷಿನ್ ಹಾಲಲ್ಲಿ ಫ್ಯಾಟ್ ಬರಲ್ಲ" ಅಂತ ಡೈರಿ ಮುಂದೆ ಕ್ಯಾನ್ ಹಿಡಿದು ನಿಂತವರು ಹೇಳುವುದನ್ನು ನೀವೂ ಕೇಳಿರಬಹುದು. ಪೂರ್ತಿ ಕರೆದರೆ ಬರುತ್ತದೆ. ಕೊನೆಗೆ ಬಟ್ಟಲನ್ನು ಹಗುರವಾಗಿ ಕೆಳಕ್ಕೂ ಮುಂದಕ್ಕೂ ಒತ್ತಿ ಹಿಡಿದರೆ ಉಳಿದದ್ದೂ ಇಳಿಯುತ್ತದೆ.

ಕಪ್ ತೆಗೆದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುತ್ತೇವೆ. ಹಸಿ ಮೇವು ಹಾಕುವುದು ಆಮೇಲೆಯೇ. ಮೊಲೆಯ ತುದಿ ಮುಚ್ಚಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಗೋದಲಿಯಲ್ಲಿ ಮೇವಿದ್ದರೆ ಹಸು ಅಷ್ಟು ಹೊತ್ತು ನಿಂತೇ ಇರುತ್ತದೆ, ಸೆಗಣಿಯ ಮೇಲೆ ಮಲಗುವುದಿಲ್ಲ. ಒಂದು ರೂಪಾಯಿ ಖರ್ಚಿಲ್ಲದ ಉಪಾಯ ಇದು.

ತೊಳೆಯುವುದರಲ್ಲಿ ಒಂದೇ ಎಚ್ಚರ: ಮೊದಲ ನೀರು ಉಗುರು ಬೆಚ್ಚಗಿರಲಿ. ನೇರವಾಗಿ ಬಿಸಿನೀರು ಹಾಕಿದರೆ ಹಾಲಿನ ಅಂಶ ಬೆಂದು ಕೊಳವೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಚೆನ್ನಾಗಿ ಬಿಸಿಯಾದ ನೀರಲ್ಲಿ ಕ್ಷಾರದ ಪುಡಿ, ಮತ್ತೆ ಬರೀ ನೀರು. ನಮ್ಮದು ಬೋರ್‌ವೆಲ್ ನೀರು, ಗಡಸು. ವಾರಕ್ಕೊಮ್ಮೆ ಆಮ್ಲದ ದ್ರಾವಣ ಹಾಯಿಸದಿದ್ದರೆ ಒಳಗೆ ಬಿಳಿ ಪೊರೆ ಕಟ್ಟುತ್ತದೆ.

ಹಸುಗಳನ್ನು ಒಗ್ಗಿಸಲು ಅವಸರ ಮಾಡಲಿಲ್ಲ. ಮೊದಲು ಕೆಲವು ದಿನ ಕೈಯಲ್ಲಿ ಕರೆಯುವಾಗಲೇ ಪಂಪ್ ಓಡಿಸಿ ಬಿಟ್ಟೆವು, ಸದ್ದು ಅಭ್ಯಾಸವಾಗಲಿ ಅಂತ. ಕಡಸುಗಳನ್ನು ಈದ ಮೊದಲ ದಿನದಿಂದಲೇ ಯಂತ್ರಕ್ಕೆ ಹಾಕಿದರೆ ತಕರಾರೇ ಇಲ್ಲ. ಕರು ಬಿಟ್ಟರೆ ಮಾತ್ರ ಸೊರ ಬಿಡುವ ಹಳೆಯ ಹಸುಗಳದ್ದು ಕಷ್ಟ. ಮೊಲೆ ತೀರಾ ಗಿಡ್ಡ ಇರುವ, ಅಡ್ಡ ತಿರುಗಿರುವ ಒಂದು ಹಸುವನ್ನು ಅಮ್ಮ ಈಗಲೂ ಕೈಯಲ್ಲೇ ಕರೆಯುತ್ತಾರೆ. ಅದು ಹಾಗೇ ಇರಲಿ. ಇಂಥ ಮೊಲೆಗೆ ರೋಬೋಟ್ ಕೂಡ ತಡಕಾಡುತ್ತದೆ.

ಕರೆಂಟಿಗಾಗಿ ಪಂಪನ್ನು ಸಿಂಗಲ್ ಫೇಸ್ ಮೋಟರ್‌ನಲ್ಲೇ ಇಟ್ಟುಕೊಂಡಿದ್ದೇವೆ, ಮನೆಯ ಲೈನಿನಿಂದ ಓಡುತ್ತದೆ. ಪಕ್ಕದಲ್ಲಿ ಸಣ್ಣ ಜನರೇಟರ್. ಇದಿಲ್ಲದೆ ಯಂತ್ರ ತರಬೇಡಿ. ಕೈಯಲ್ಲಿ ಕರೆಯುವ ಅಭ್ಯಾಸ ತಪ್ಪಿದ ಹಸುಗಳು, ಆರಿದ ದೀಪ, ಡೈರಿ ಮುಚ್ಚುವ ಹೊತ್ತು ಮೂರೂ ಒಟ್ಟಿಗೆ ಬಂದರೆ ಏನಾಗುತ್ತದೆ ಅಂತ ಹೈನುಗಾರರಿಗೆ ಬಿಡಿಸಿ ಹೇಳಬೇಕಿಲ್ಲ.

ಯಂತ್ರದ ಆಚೆಗೆ ನಾವು ಹಾಕಿದ್ದು ಎರಡೇ. ಒಂದು, ಗೋದಲಿಯ ಪಕ್ಕ ತಾನೇ ತುಂಬಿಕೊಳ್ಳುವ ನೀರಿನ ಬೋಗುಣಿಗಳು. ಹಾಲಿನಲ್ಲಿ ಶೇ 87ರಷ್ಟು ನೀರೇ ಅಲ್ವಾ? ಹಸು ತನಗೆ ಬೇಕಾದಾಗ, ರಾತ್ರಿಯೂ, ಕುಡಿಯಬೇಕು. ದುಡ್ಡಿಗೆ ತಕ್ಕ ಫಲ ಅಂತ ನೋಡಿದರೆ ಹಾಲು ಕರೆಯುವ ಯಂತ್ರಕ್ಕಿಂತ ಇದನ್ನೇ ಮೊದಲು ಹಾಕಿ ಅನ್ನುತ್ತೇನೆ. ಇನ್ನೊಂದು, ಕೊರಳಿಗೆ ಕಟ್ಟುವ ಸೆನ್ಸರ್ ಪಟ್ಟಿ. ಹಸು ಎಷ್ಟು ಓಡಾಡಿತು, ಎಷ್ಟು ಹೊತ್ತು ಮೆಲುಕು ಹಾಕಿತು ಅಂತ ಮೊಬೈಲ್‌ಗೆ ಬರುತ್ತದೆ. ಸೀಮೆ ಹಸುಗಳಲ್ಲಿ ಮೂಕ ಬೆದೆ, ಅಂದರೆ ಹೊರಗೆ ಲಕ್ಷಣ ಕಾಣದ ಬೆದೆ ಜಾಸ್ತಿ, ಬೆದೆಯ ಲಕ್ಷಣ ರಾತ್ರಿ ಹೊತ್ತು ತೋರಿಸಿ ಬೆಳಗಾಗುವಷ್ಟರಲ್ಲಿ ಸುಮ್ನಾಗುವುದೂ ಉಂಟು. ಒಂದು ಬೆದೆ ತಪ್ಪಿದರೆ 21 ದಿನದ ಮೇವು ದಂಡ. ಎಲ್ಲ ಹಸುಗಳಿಗೂ ಪಟ್ಟಿ ಕಟ್ಟಿಲ್ಲ. ಈದು ಎರಡು ತಿಂಗಳಾಗುತ್ತ ಬಂದವಕ್ಕೆ ಕಟ್ಟಿ, ಗಬ್ಬ ಖಚಿತವಾದ ಮೇಲೆ ಬಿಚ್ಚಿ ಇನ್ನೊಂದಕ್ಕೆ ಹಾಕುತ್ತೇವೆ.

ಹಸುವಿನ ಲೆಕ್ಕ ಮಾತ್ರ ಇನ್ನೂ ನೋಟ್‌ಬುಕ್ಕಿನಲ್ಲೇ ಇದೆ. ಪ್ರತಿ ಬಕೆಟ್ ತೂಗುವ ತಕ್ಕಡಿ ಗೋಡೆಗೆ ನೇತು ಹಾಕಿದ್ದೇವೆ. ಒಂದು ಹಸುವಿನ ಹಾಲು ಒಂದೇ ಹೊತ್ತಿನಲ್ಲಿ ಎರಡು ಲೀಟರ್ ಇಳಿದರೆ, ಸಂಜೆಯೊಳಗೆ ಅದರ ಜ್ವರ ನೋಡುತ್ತೇವೆ, ಕೆಚ್ಚಲು ಬಾವು ಪತ್ತೆ ಮಾಡುವ ಸಿಎಂಟಿ ದ್ರಾವಣದಲ್ಲಿ ನಾಲ್ಕೂ ಮೊಲೆಯ ಹಾಲು ಪರೀಕ್ಷಿಸುತ್ತೇವೆ. ಬರೆಯುವ ಕೆಲಸ ಅಮ್ಮ ತಾವೇ ವಹಿಸಿಕೊಂಡಿದ್ದಾರೆ. ಲೈನರ್ ತಾರೀಖು ಹತ್ತಿರ ಬಂದರೆ ನನಗೆ ನೆನಪಿಸುವವರೂ ಅವರೇ.